ಪರ್ಯಾಯ ಹೈಸ್ಕೂಲಿನ ಅಂಕಿಅಂಶ ಓದುವಾಗ ಮೊದಲು ಛೇದ ನೋಡಿ

ಅಮೆರಿಕದ ಸಣ್ಣ ಪರ್ಯಾಯ ಹೈಸ್ಕೂಲೊಂದರ ವರದಿ ತೆರೆದರೆ ಮೊದಲು ಕಣ್ಣಿಗೆ ಬೀಳುವುದು ಶೇಕಡಾವಾರು. ಹಿಸ್ಪಾನಿಕ್ (ಲ್ಯಾಟಿನ್ ಅಮೆರಿಕ ಮೂಲದ) ಮಕ್ಕಳು ಇಷ್ಟು, ಬಡ ಮನೆಯವರು ಇಷ್ಟು, ಡಿಪ್ಲೊಮಾ (ಹೈಸ್ಕೂಲು ಮುಗಿಸಿದ ಪ್ರಮಾಣಪತ್ರ) ಪಡೆದವರು ಇಷ್ಟು. ಇವನ್ನು ಪಕ್ಕದ ದೊಡ್ಡ ಶಾಲೆಯ ಅಂಕಿಗಳ ಜೊತೆ ಇಟ್ಟು ಹೋಲಿಸಿ, 'ಈ ಶಾಲೆ ಕೆಟ್ಟದ್ದು' ಎಂದು ತೀರ್ಮಾನಿಸುವುದು ಬಹಳ ಸುಲಭ. ಶುರುವಿನಲ್ಲಿ ನಾನೂ ಅದನ್ನೇ ಮಾಡಿದ್ದೆ.

ಇಲ್ಲಿಗೆ ಬರುವವರು ಯಾರು ಎಂಬುದರಿಂದ ಆರಂಭಿಸೋಣ. ಪರ್ಯಾಯ ಶಾಲೆಗಳ ಒಂದು ಬಗೆಯಾದ ಕ್ಯಾಲಿಫೋರ್ನಿಯಾದ 'ಕಂಟಿನ್ಯುಯೇಷನ್' ಹೈಸ್ಕೂಲುಗಳು 1919ರಲ್ಲಿ ಶುರುವಾದದ್ದು ದುಡಿಯಲು ಹೋಗುವ ಹುಡುಗ ಹುಡುಗಿಯರಿಗಾಗಿ. ಇಂದು ಅಲ್ಲಿ ಓದುವವರು ಹೆಚ್ಚಾಗಿ 16 ವರ್ಷ ದಾಟಿದ, ಪಾಸಾದ ವಿಷಯಗಳಿಗೆ ಸಿಗುವ ಕ್ರೆಡಿಟ್‌ಗಳಲ್ಲಿ ಹಿಂದೆ ಬಿದ್ದ ಮಕ್ಕಳು. ವಾರಕ್ಕೆ ಕನಿಷ್ಠ 15 ಗಂಟೆ ಹಾಜರಾತಿ ಸಾಕು. ಅಂದರೆ ಮಕ್ಕಳು ಒಂಬತ್ತನೇ ತರಗತಿಯಿಂದ ಇಲ್ಲೇ ಬೆಳೆದವರಲ್ಲ, ಬೇರೆ ಶಾಲೆಯ ಹಿನ್ನಡೆಯನ್ನು ಹೊತ್ತುಕೊಂಡೇ ಒಳಗೆ ಕಾಲಿಟ್ಟವರು.

ಒಬ್ಬ ಹುಡುಗನ ಲೆಕ್ಕ ಹಾಕಿ ನೋಡೋಣ. ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯವಾಗಿ ಒಂದು ಸೆಮಿಸ್ಟರಿನ ಒಂದು ವಿಷಯಕ್ಕೆ 5 ಕ್ರೆಡಿಟ್. ಆರು ವಿಷಯವಾದರೆ ವರ್ಷಕ್ಕೆ 60. ಡಿಪ್ಲೊಮಾಕ್ಕೆ 220 ಬೇಕು ಎಂದಿಟ್ಟುಕೊಳ್ಳಿ. ಹುಡುಗ 11ನೇ ತರಗತಿಯ ಮೊದಲ ದಿನ ಬರುವಾಗ 120 ಇರಬೇಕಿತ್ತು, ಇರುವುದು 70. ಮುಂದಿನ ಎರಡು ವರ್ಷ ಒಂದೂ ವಿಷಯದಲ್ಲಿ ಫೇಲಾಗದೆ 120 ಗಳಿಸಿದರೂ ಒಟ್ಟು 190. ಆತ ಚೆನ್ನಾಗಿಯೇ ಓದಿದ, ಆದರೂ ನಾಲ್ಕು ವರ್ಷದ ಲೆಕ್ಕದಲ್ಲಿ ಆತ 'ಪೂರೈಸದವ'. ಆ ಕೊರತೆ ಬೀಳುವುದು ಹಿಂದಿನ ಶಾಲೆಯ ಖಾತೆಗಲ್ಲ, ಈ ಶಾಲೆಯ ಖಾತೆಗೆ. ಯಾಕೆಂದರೆ ವರ್ಗಾವಣೆಯ ದಾಖಲೆ ಸಿಕ್ಕರೆ ಹಿಂದಿನ ಶಾಲೆ ಆತನನ್ನು ತನ್ನ ಬ್ಯಾಚಿನಿಂದ ತೆಗೆಯುತ್ತದೆ, ಹೊಸ ಶಾಲೆ ಸೇರಿಸಿಕೊಳ್ಳುತ್ತದೆ. 2008ರ ಫೆಡರಲ್ ನಿಯಮದಿಂದ ಬಂದ ಈ ಲೆಕ್ಕದ ಹೆಸರು 'ಹೊಂದಾಣಿಕೆಯಾದ ಬ್ಯಾಚ್ ಪದವಿ ದರ'. ಐದನೇ ವರ್ಷದಲ್ಲಿ ಮುಗಿಸಿದವರು ಇದರಲ್ಲಿ ಬರುವುದಿಲ್ಲ. ಜಿಇಡಿ (ಡಿಪ್ಲೊಮಾಕ್ಕೆ ಬದಲಾಗಿ ಬರೆಯುವ ಪರೀಕ್ಷೆ) ಪಾಸಾದವರೂ ಬರುವುದಿಲ್ಲ.

ಸಣ್ಣ ಛೇದದ ಆಟ

ಈಗ ಕಾಲ್ಪನಿಕ ಶಾಲೆಯೊಂದನ್ನು ತೆಗೆದುಕೊಳ್ಳಿ. ಬ್ಯಾಚಿನಲ್ಲಿ 24 ಮಂದಿ, ಸಮಯಕ್ಕೆ ಮುಗಿಸಿದವರು 14. ದರ ಶೇ 58. ಮುಂದಿನ ವರ್ಷ 20 ಮಂದಿಯಲ್ಲಿ 15. ದರ ಶೇ 75. '17 ಅಂಶ ಜಿಗಿತ!' ಎಂದು ಯಾರೋ ಸ್ಲೈಡ್ ಮಾಡುತ್ತಾರೆ. ಹೆಚ್ಚು ಮುಗಿಸಿದ್ದು ಒಬ್ಬರೇ ಒಬ್ಬರು. 24ರ ಬ್ಯಾಚಿನಲ್ಲಿ ಒಂದು ಮಗುವಿನ ತೂಕ ನಾಲ್ಕು ಅಂಶಕ್ಕೂ ಜಾಸ್ತಿ.

ಇದಕ್ಕೆ ಕಾನೂನಿನ ಗೆರೆಯೂ ಅಂಟಿಕೊಂಡಿದೆ. 2015ರ 'ಎವ್ರಿ ಸ್ಟೂಡೆಂಟ್ ಸಕ್ಸೀಡ್ಸ್' ಕಾಯ್ದೆಯ ಪ್ರಕಾರ, ಮೂರನೇ ಒಂದು ಭಾಗ ಅಥವಾ ಅದಕ್ಕಿಂತ ಹೆಚ್ಚು ಮಕ್ಕಳು ಪೂರೈಸದ ಹೈಸ್ಕೂಲು ಸುಧಾರಣೆಯ ಪಟ್ಟಿಗೆ ಸೇರುತ್ತದೆ. ನಮ್ಮ ಶಾಲೆಯಲ್ಲಿ 24ಕ್ಕೆ 16 ಮಂದಿ ಮುಗಿಸಿದ್ದರೂ ಉಳಿದ 8 ಮಂದಿ ಸರಿಯಾಗಿ ಮೂರನೇ ಒಂದು ಭಾಗ, ಹಾಗಾಗಿ ಪಟ್ಟಿ ತಪ್ಪಿದ್ದಲ್ಲ. 17 ಮಂದಿಯಾದರೆ ಬಚಾವ್. ಕಾಯ್ದೆ ಬರೆದವರಿಗೂ ಈ ಇಕ್ಕಟ್ಟು ಹೊಳೆದಿತ್ತು ಅನ್ನಿಸುತ್ತದೆ: ಹಿಂದುಳಿದ ಅಥವಾ ಶಾಲೆ ಬಿಟ್ಟು ಮರಳಿದ ಮಕ್ಕಳೇ ಹೆಚ್ಚಿದ್ದು, ಒಟ್ಟು 100ಕ್ಕಿಂತ ಕಡಿಮೆ ವಿದ್ಯಾರ್ಥಿಗಳಿರುವ ಶಾಲೆಗೆ ಸುಧಾರಣಾ ಕ್ರಮಗಳಿಂದ ವಿನಾಯಿತಿ ಕೊಡಲು ರಾಜ್ಯಕ್ಕೆ ಅವಕಾಶವಿದೆ. ಕ್ಯಾಲಿಫೋರ್ನಿಯಾದಲ್ಲಿ ಶೇ 70ರಷ್ಟಾದರೂ ಅಪಾಯದಂಚಿನ ವಿದ್ಯಾರ್ಥಿಗಳಿದ್ದರೆ ಶಾಲೆಗೆ 'ಪರ್ಯಾಯ' ಎಂಬ ಪ್ರತ್ಯೇಕ ಸ್ಥಾನಮಾನ ಸಿಗುತ್ತದೆ.

'ಬಡವರು' ಎಂಬ ಕಾಲಂ

ಬಡತನದ ಅಳತೆಗೋಲು ಸಾಮಾನ್ಯವಾಗಿ ಮಧ್ಯಾಹ್ನದ ಊಟ. ಮನೆಯ ಆದಾಯ ಫೆಡರಲ್ ಬಡತನ ರೇಖೆಯ ಶೇ 130ರೊಳಗಿದ್ದರೆ ಉಚಿತ, ಶೇ 185ರೊಳಗಿದ್ದರೆ ರಿಯಾಯಿತಿ. ಆದರೆ 2010ರ ಕಾಯ್ದೆಯ ನಂತರ ಬಡ ಪ್ರದೇಶದ ಅನೇಕ ಶಾಲೆಗಳು ಅರ್ಜಿಯನ್ನೇ ಕೇಳದೆ ಎಲ್ಲರಿಗೂ ಉಚಿತ ಊಟ ಕೊಡುತ್ತವೆ. ಅಂಥಲ್ಲಿ ಕಾಲಂ ಶೇ 100 ತೋರಿಸಿದರೆ ಅದು ಊಟದ ವ್ಯವಸ್ಥೆಯ ವಿವರವೇ ಹೊರತು ಪ್ರತಿ ಮನೆಯ ಆದಾಯದ ಲೆಕ್ಕವಲ್ಲ.

ದಾಖಲಾತಿ ಸಂಖ್ಯೆಯೂ ಹಾಗೇ. ಕ್ಯಾಲಿಫೋರ್ನಿಯಾದಲ್ಲಿ ಅಕ್ಟೋಬರ್ ಮೊದಲ ಬುಧವಾರ ತಲೆ ಎಣಿಕೆ. ಅಂದು 90 ಮಂದಿ ಇದ್ದ ಶಾಲೆಗೆ ವರ್ಷವಿಡೀ ಬಂದು ಹೋದವರು 150 ಇರಬಹುದು. ಗೈರುಹಾಜರಿಯ ದರ ಲೆಕ್ಕ ಹಾಕುವಾಗ ಛೇದ ಆ ದೊಡ್ಡ ಸಂಖ್ಯೆ. ಒಂದೇ ವರದಿಯಲ್ಲಿ ಎರಡು ಬೇರೆ ಛೇದ, ಒಂದರಿಂದ ಇನ್ನೊಂದನ್ನು ಭಾಗಿಸಿ ಕೂತರೆ ಉತ್ತರ ಎಲ್ಲಿಗೋ ಹೋಗುತ್ತದೆ.

ನಕ್ಷತ್ರ ಚಿಹ್ನೆ

ಕೋಷ್ಟಕದಲ್ಲಿ ಕೆಲವು ಕಡೆ ಸಂಖ್ಯೆಯ ಬದಲು ನಕ್ಷತ್ರ ಇರುತ್ತದೆ. ಗುಂಪಿನಲ್ಲಿ 10 ಅಥವಾ ಅದಕ್ಕಿಂತ ಕಡಿಮೆ ಮಕ್ಕಳಿದ್ದರೆ ಕ್ಯಾಲಿಫೋರ್ನಿಯಾ ಅಂಕಿಯನ್ನು ಮುಚ್ಚಿಡುತ್ತದೆ. 1974ರ ಖಾಸಗಿತನದ ಕಾಯ್ದೆ ಇದರ ಹಿನ್ನೆಲೆ: ಶಾಲೆಯಲ್ಲಿ ಇಬ್ಬರೇ ಏಷ್ಯನ್ ವಿದ್ಯಾರ್ಥಿಗಳಿದ್ದರೆ 'ಏಷ್ಯನ್ನರ ಗಣಿತ ಫಲಿತಾಂಶ' ಎಂದರೆ ಆ ಇಬ್ಬರ ಅಂಕಪಟ್ಟಿಯೇ. ಒಂದೇ ಕೋಶ ಮುಚ್ಚಿದರೂ ಸಾಲದು. ಒಟ್ಟು ಮೊತ್ತದಿಂದ ಉಳಿದವನ್ನು ಕಳೆದರೆ ಅದು ಹೊರಬೀಳುತ್ತದೆ, ಹಾಗಾಗಿ ಎರಡನೆಯದೊಂದನ್ನೂ ಮುಚ್ಚಬೇಕಾಗುತ್ತದೆ. ಸಣ್ಣ ಶಾಲೆಯ ಕೋಷ್ಟಕ ತೂತು ತೂತಾಗಿ ಕಾಣುವುದು ಇದಕ್ಕೇ. ಎಕ್ಸೆಲ್‌ಗೆ ಏರಿಸುವಾಗ ಆ ನಕ್ಷತ್ರದ ಜಾಗದಲ್ಲಿ ಸೊನ್ನೆ ಹಾಕಬೇಡಿ, ಖಾಲಿ ಬಿಡಿ. ಸೊನ್ನೆ ಹಾಕಿದರೆ, ಇದ್ದ ಮಕ್ಕಳನ್ನು ಇಲ್ಲವೆಂದು ಬರೆದಂತಾಗುತ್ತದೆ.