ಲಿಥಿಯಂ ಬ್ಯಾಟರಿಗೆ ಬೆಂಕಿ: ಹಳೇ ತಲೆನೋವಿನ ಹಿನ್ನೆಲೆ

ಫೋನಿಗೋ ಸ್ಕೂಟರಿಗೋ ಬೆಂಕಿ ಬಿದ್ದಾಗಲೆಲ್ಲ ಒಬ್ಬರು ಲಿಥಿಯಂ ಅನ್ನು ಬೈಯುತ್ತಾರೆ, ಇನ್ನೊಬ್ಬರು ಚಾರ್ಜರನ್ನು. ಎರಡರಲ್ಲೂ ಅರ್ಧ ಸತ್ಯವಿದೆ.

1970ರ ದಶಕದಲ್ಲಿ ವಿಜ್ಞಾನಿ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ರೂಪಿಸಿದ ಬ್ಯಾಟರಿಯ ಆನೋಡ್ (ಋಣ ತುದಿ) ಅಪ್ಪಟ ಲಿಥಿಯಂ ಲೋಹ. ಚಾರ್ಜ್ ಮಾಡಿದಂತೆಲ್ಲ ಲೋಹ ಕೂದಲೆಳೆಗಳಂತೆ ಬೆಳೆದು ಕ್ಯಾಥೋಡನ್ನು (ಧನ ತುದಿ) ಮುಟ್ಟಿದರೆ ಒಳಗೇ ಶಾರ್ಟ್. ಜಾನ್ ಗುಡ್‌ಇನಫ್ 1980ರಲ್ಲಿ ಕೋಬಾಲ್ಟ್ ಆಕ್ಸೈಡ್ ಕ್ಯಾಥೋಡ್ ಕೊಟ್ಟರು, ಅಕಿರಾ ಯೋಶಿನೊ 1985ರಲ್ಲಿ ಲೋಹದ ಬದಲು ಇಂಗಾಲದ ಆನೋಡ್ ತಂದರು. 1991ರಲ್ಲಿ ಈ ಲಿಥಿಯಂ-ಅಯಾನ್ ಸೆಲ್ ಮಾರುಕಟ್ಟೆಗೆ ಬಂತು. ಹಗುರ, ಮತ್ತೆ ಮತ್ತೆ ಚಾರ್ಜ್ ಆಗುತ್ತದೆ, ಎಲ್ಲರಿಗೂ ಬೇಕಾಯಿತು.

ಕಗ್ಗಂಟು ಶುರುವಾದದ್ದು ಆಮೇಲೆ. ಲ್ಯಾಪ್‌ಟಾಪ್‌ಗಳಲ್ಲಿ ಬಳಸುತ್ತಿದ್ದ 18650 ಎಂಬ ಸಿಲಿಂಡರ್ ಸೆಲ್‌ನ ಡಬ್ಬಿಯ ಅಳತೆ ಅಷ್ಟೇ ಇತ್ತು: 18 ಮಿ.ಮೀ. ಅಗಲ, 65 ಮಿ.ಮೀ. ಎತ್ತರ. 1990ರ ದಶಕದಲ್ಲಿ ಅದರಲ್ಲಿ ಸುಮಾರು 1,100 ಮಿಲಿಆಂಪ್‌-ಅವರ್ (ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ) ಹಿಡಿಸುತ್ತಿದ್ದರು. 2006ರ ಹೊತ್ತಿಗೆ 2,600 ತುರುಕಲಾಗಿತ್ತು. ಹಿಡಿಸಲು ಜಾಗ ಬೇಕಲ್ಲ, ಆನೋಡ್, ಕ್ಯಾಥೋಡ್‌ಗಳನ್ನು ಬೇರ್ಪಡಿಸುವ ಪ್ಲಾಸ್ಟಿಕ್ ಹಾಳೆ, ಅಂದರೆ ಸೆಪರೇಟರ್, ತೆಳುವಾಗುತ್ತ 20 ಮೈಕ್ರಾನ್ (ಮಿಲಿಮೀಟರಿನ ಐವತ್ತನೇ ಒಂದು ಪಾಲು) ಆಸುಪಾಸಿಗೆ ಇಳಿಯಿತು. ತಯಾರಿಕೆಯಲ್ಲಿ ಒಳಸೇರಿದ ಲೋಹದ ಒಂದು ಕಣ ಅದನ್ನು ಚುಚ್ಚಲು ಸಾಕು. ಆ ವರ್ಷ ಲಕ್ಷಗಟ್ಟಲೆ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ವಾಪಸ್ ಕರೆಸಿಕೊಳ್ಳಬೇಕಾಯಿತು.

ಶಾರ್ಟ್ ಆದಮೇಲೆ ನಡೆಯುವುದು ಒಂದರ ಬೆನ್ನಿಗೊಂದು. 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಆನೋಡಿನ ರಕ್ಷಣಾ ಪದರ ಒಡೆಯುತ್ತದೆ, 130ರ ಸುಮಾರಿಗೆ ಪಾಲಿಎಥಿಲೀನ್ ಸೆಪರೇಟರ್ ಕರಗುತ್ತದೆ, 200ರ ಹತ್ತಿರ ಕ್ಯಾಥೋಡ್ ತಾನೇ ಆಮ್ಲಜನಕ ಬಿಡುತ್ತದೆ. ಹಾಗಾಗಿ ಗಾಳಿ ತಡೆದರಷ್ಟೇ ಈ ಬೆಂಕಿ ನಿಲ್ಲದು. ಧಾರಾಳ ನೀರು ಸುರಿದು ಪಕ್ಕದ ಸೆಲ್‌ಗಳನ್ನು ತಣಿಸಬೇಕು. ಹೊಗೆ ವಿಷಕಾರಿ, ದೂರವಿರಬೇಕು.

ಆಮ್ಲಜನಕವನ್ನು ಗಟ್ಟಿಯಾಗಿ ಹಿಡಿದಿಡುವ ಐರನ್ ಫಾಸ್ಫೇಟ್ ಕ್ಯಾಥೋಡ್ 1997ರಲ್ಲೇ ಬಂದಿತ್ತು. ಕೋಬಾಲ್ಟ್ ಸೆಲ್‌ನ 3.7 ವೋಲ್ಟ್ ಬದಲು 3.2 ಅಷ್ಟೇ ಕೊಡುತ್ತದೆ, ಅಷ್ಟೇ ಶಕ್ತಿಗೆ ತೂಕ ಹೆಚ್ಚು. ತೆಳ್ಳಗಿನ ಸಾಧನಗಳ ಓಟದಲ್ಲಿ ಅದು ಬಹುಕಾಲ ಹಿಂದುಳಿದದ್ದರಲ್ಲಿ ಆಶ್ಚರ್ಯವಿಲ್ಲ.

ನಿಯಮಗಳು ಬೆಂಕಿಯ ಹಿಂದೆಯೇ ಬಂದವು. ಬಿಡಿ ಸೆಲ್‌ಗಳನ್ನು ಪ್ರಯಾಣಿಕ ವಿಮಾನದಲ್ಲಿ ಸರಕಾಗಿ ಸಾಗಿಸುವುದು 2016ರಲ್ಲಿ ನಿಂತಿತು. ಸರಕು ವಿಮಾನದಲ್ಲಾದರೆ ಚಾರ್ಜ್ 30 ಶೇಕಡಾ ಮೀರುವಂತಿಲ್ಲ.

ಇನ್ನು ಚಾರ್ಜರ್ ಕಥೆ. ಸಾಮಾನ್ಯ ಕೋಬಾಲ್ಟ್ ಸೆಲ್ 4.2 ವೋಲ್ಟ್ ದಾಟಬಾರದು. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಆನೋಡ್ ಮೇಲೆ ಮತ್ತದೇ ಲೋಹದ ಲಿಥಿಯಂ ಕೂರುತ್ತದೆ. 2.5 ವೋಲ್ಟ್‌ಗಿಂತ ಬಹಳ ಕೆಳಗೆ ಇಳಿದು ತೀರಾ ಬರಿದಾದರೆ ಆನೋಡಿನ ತಾಮ್ರದ ಹಾಳೆ ಕರಗತೊಡಗುತ್ತದೆ. ಅಂಥ ಸೆಲ್‌ಗೆ ಮತ್ತೆ ಜೀವ ತುಂಬಲು ಹೋಗಬಾರದು. ಇವನ್ನೆಲ್ಲ ಬಿಎಂಎಸ್ (ಪ್ಯಾಕ್‌ನ ಮೇಲೆ ಕಣ್ಣಿಡುವ ಎಲೆಕ್ಟ್ರಾನಿಕ್ ಸರ್ಕ್ಯೂಟ್) ತಡೆಯಬಲ್ಲದು, ತಯಾರಿಕೆಯಲ್ಲೇ ಒಳಸೇರಿದ ಲೋಹದ ಕಣವನ್ನಲ್ಲ. ಪ್ಯಾಕ್ ಉಬ್ಬಿದ್ದರೆ ಚುಚ್ಚಬೇಡಿ, ಚಾರ್ಜಿಗೂ ಹಾಕಬೇಡಿ. ಟರ್ಮಿನಲ್‌ಗೆ ಟೇಪ್ ಸುತ್ತಿ ಇ-ತ್ಯಾಜ್ಯ ಸಂಗ್ರಹಕ್ಕೆ ಕೊಡಿ.