ರಾಜ್ಯಸಭೆ ಬೇಡ ಅಂದ್ರೂ ಕಾನೂನು ಆಗೋದು ಹೇಗೆ? ಮನಿ ಬಿಲ್ ಗೊಂದಲದ ಹಿನ್ನೆಲೆ

ಮನಿ ಬಿಲ್ ಅಂದ ತಕ್ಷಣ ಏನೋ ಬಜೆಟ್ ವಿಷ್ಯ ಇರ್ಬೇಕು ಅಂತ ನಾವೆಲ್ಲ ಸ್ಕ್ರಾಲ್ ಮಾಡ್ಬಿಡ್ತೀವಿ. ಆದ್ರೆ ಕೆಲವು ವರ್ಷದ ಹಿಂದೆ ಸಿಮ್ ತಗೊಳ್ಳೋಕೆ ಮೊಬೈಲ್ ಅಂಗಡಿಗೆ ಹೋದ್ರೆ ಆಧಾರ್ ತಾಳೆ ನೋಡೋಕೆ ಒಂದು ಪುಟ್ಟ ಮಷಿನ್ ಮೇಲೆ ಹೆಬ್ಬೆಟ್ಟು ಒತ್ತಿಸ್ಕೊಳ್ತಿದ್ರಲ್ಲ, ನನ್ನ ಬೆರಳು ನಾಲ್ಕು ಸಲ ಒರೆಸಿ ಒತ್ತಿದ್ರೂ ಮ್ಯಾಚ್ ಆಗ್ತಿರ್ಲಿಲ್ಲ, ಆ ಹೆಬ್ಬೆಟ್ಟಿಗೂ ಈ ಮನಿ ಬಿಲ್‌ಗೂ, ಅಂದ್ರೆ ರಾಜ್ಯಸಭೆ ಒಪ್ಪದಿದ್ರೂ ಪಾಸ್ ಆಗೋ ಹಣಕಾಸಿನ ಮಸೂದೆಗೂ, ನೇರ ಸಂಬಂಧ ಇದೆ.

ಮೊದ್ಲು ಲೆಕ್ಕ ನೋಡ್ಬಿಡೋಣ. ಲೋಕಸಭೇಲಿ 543 ಸೀಟು, ರಾಜ್ಯಸಭೇಲಿ 245. ಈ 245ರಲ್ಲಿ 12 ಜನರನ್ನ ರಾಷ್ಟ್ರಪತಿ ನೇಮಿಸ್ತಾರೆ, ಉಳಿದ 233 ಜನರನ್ನ ಶಾಸಕರು ಆರಿಸ್ತಾರೆ, ನಮ್ಮ ಕರ್ನಾಟಕದ ಪಾಲು ಕೆಳಮನೇಲಿ 28, ಮೇಲ್ಮನೇಲಿ 12. ಲೋಕಸಭೆ ಐದು ವರ್ಷಕ್ಕೆ ಮುಗಿಯುತ್ತೆ, ರಾಜ್ಯಸಭೆ ಮಾತ್ರ ಯಾವತ್ತೂ ವಿಸರ್ಜನೆ ಆಗಲ್ಲ, ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ನಿವೃತ್ತಿ ಆಗುತ್ತೆ ಅಷ್ಟೆ. ಹಾಗಾಗಿ ಚುನಾವಣೇಲಿ ಎಂಥಾ ಅಲೆ ಎದ್ರೂ ಅದು ಮೇಲ್ಮನೆ ಮುಟ್ಟೋಕೆ ವರ್ಷಗಳೇ ಬೇಕು, ಆ ನಡುವೆ ಅಧಿಕಾರದಲ್ಲಿ ಯಾರೇ ಇರ್ಲಿ ಅವ್ರಿಗೆ ಮೇಲ್ಮನೆ ಕಾಲಿಗೆ ತೊಡಕು ಅನ್ಸುತ್ತೆ.

ದೆಹಲೀಲಿ ಎರಡು ಮನೆ ಅನ್ನೋದು 1919ರ ಬ್ರಿಟಿಷ್ ಕಾಯ್ದೆಯಿಂದ ಬಂದಿದ್ದು. ಸ್ವಾತಂತ್ರ್ಯದ ನಂತರ 1952ರ ಏಪ್ರಿಲ್ 3ಕ್ಕೆ ಈಗಿನ ಮೇಲ್ಮನೆ ರಚನೆ ಆಯ್ತು, ರಾಜ್ಯಸಭೆ ಅನ್ನೋ ಹೆಸರು ಬಿದ್ದಿದ್ದು 1954ರಲ್ಲಿ. ಮಾಮೂಲಿ ಮಸೂದೆ ಎರಡೂ ಮನೇಲಿ ಪಾಸ್ ಆಗ್ಬೇಕು, ಒಪ್ಪಂದ ಆಗ್ಲಿಲ್ಲ ಅಂದ್ರೆ ಜಂಟಿ ಅಧಿವೇಶನ. ಅದು ಇಲ್ಲಿವರೆಗೆ ಮೂರೇ ಸಲ ಮಸೂದೆಗೋಸ್ಕರ ಸೇರಿರೋದು: 1961ರಲ್ಲಿ ವರದಕ್ಷಿಣೆ ನಿಷೇಧಕ್ಕೆ, 1978ರಲ್ಲಿ ಬ್ಯಾಂಕಿಂಗ್ ಸರ್ವಿಸ್ ಕಮಿಷನ್ ರದ್ದು ಮಾಡೋಕೆ, 2002ರಲ್ಲಿ ಭಯೋತ್ಪಾದನೆ ತಡೆಯೋ ಪೋಟಾ ಕಾಯ್ದೆಗೆ.

ಸಂವಿಧಾನ ತಿದ್ದುಪಡಿಗೆ ಈ ಜಂಟಿ ಅಧಿವೇಶನದ ದಾರೀನೂ ಇಲ್ಲ. 1970ರಲ್ಲಿ ರಾಜಧನ ರದ್ದು ಮಾಡೋ ಮಸೂದೆ (ಹಳೇ ಅರಸರಿಗೆ ಸರ್ಕಾರ ವರ್ಷವರ್ಷ ಕೊಡ್ತಿದ್ದ ದುಡ್ಡು ಅದು, ನಮ್ಮ ಮೈಸೂರು ಅರಸರಿಗೂ ಬರ್ತಿತ್ತು) ಲೋಕಸಭೇಲಿ ಆರಾಮಾಗಿ ಪಾಸ್ ಆಗಿ ರಾಜ್ಯಸಭೇಲಿ ಬಿತ್ತು. ಅವತ್ತು ವೋಟ್ ಹಾಕಿದವ್ರು 224, ಹೆಚ್ಚುಕಮ್ಮಿ ಏನಿಲ್ಲ, ಈಗಿನ ನಮ್ಮ ವಿಧಾನಸಭೆಯಷ್ಟೇ ಜನ. ತಿದ್ದುಪಡಿಗೆ ವೋಟ್ ಹಾಕಿದವ್ರಲ್ಲಿ ಮೂರನೇ ಎರಡು ಭಾಗ ಬೇಕು, ಅಂದ್ರೆ 149.33, ಪರವಾಗಿ ಬಿದ್ದಿದ್ದು 149. ಅಂದ್ರೆ ಒಂದು ವೋಟಿನ ಮೂರನೇ ಒಂದು ಭಾಗ ಕಮ್ಮಿ! ಮರುವರ್ಷ ಚುನಾವಣೆ ಗೆದ್ದು ಬಂದು 26ನೇ ತಿದ್ದುಪಡಿ ಮಾಡಿ ರಾಜಧನ ತೆಗೆದ್ರು. 1989ರಲ್ಲಿ ಪಂಚಾಯತ್ ರಾಜ್ ತಿದ್ದುಪಡಿಗೂ ಇದೇ ಗತಿ ಆಗಿ, 1992ರಲ್ಲಿ ಬೇರೆ ರೂಪದಲ್ಲಿ ಪಾಸ್ ಆಯ್ತು. ಅಲ್ಲಿವರೆಗೆ ಆಟ ಹೀಗಿತ್ತು, ಸೋತ್ರೆ ಜನರ ಹತ್ರ ಹೋಗು, ಇಲ್ಲ ಮಸೂದೆ ಬದ್ಲಾಯಿಸ್ಕೊಂಡು ಬಾ.

ಮನಿ ಬಿಲ್ ಅನ್ನೋದು ಬೇರೆ ಬಾಗಿಲು. ಇದರ ಮೂಲ ಬ್ರಿಟನ್ನಿನ 1911ರ ಪಾರ್ಲಿಮೆಂಟ್ ಕಾಯ್ದೆ, ಅಲ್ಲಿ ಮೇಲ್ಮನೆ ಬಜೆಟ್ಟನ್ನೇ ತಡೆದಿದ್ದಕ್ಕೆ ಬಂದ ಕಾನೂನು. ನಮ್ಮ 110ನೇ ವಿಧಿ ಪ್ರಕಾರ ತೆರಿಗೆ, ಸಾಲ, ಸಂಚಿತ ನಿಧಿಯ (ಸರ್ಕಾರದ ಮುಖ್ಯ ಖಜಾನೆಯ) ಖರ್ಚು ಇಂಥ ವಿಷಯ 'ಮಾತ್ರ' ಇದ್ರೆ ಅದು ಮನಿ ಬಿಲ್, ಹೌದೋ ಅಲ್ವೋ ಅನ್ನೋದ್ರಲ್ಲಿ ಸ್ಪೀಕರ್ ಮಾತೇ ಅಂತಿಮ. ರಾಜ್ಯಸಭೆ 14 ದಿನದೊಳಗೆ ವಾಪಸ್ ಕಳಿಸ್ಬೇಕು, ಸಲಹೆ ಕೊಡಬಹುದು, ಲೋಕಸಭೆ ಅದನ್ನ ಕಸದ ಬುಟ್ಟಿಗೆ ಹಾಕಬಹುದು. ಗಲಾಟೆ ಎಲ್ಲಾ ಆ 'ಮಾತ್ರ' ಅನ್ನೋ ಪದದ್ದು.

ಆಧಾರ್ ಮಸೂದೆ ಮೊದಲು ಬಂದಿದ್ದು 2010ರ ಡಿಸೆಂಬರ್‌ನಲ್ಲಿ, ಮಾಮೂಲಿ ಮಸೂದೆಯಾಗಿ, ಅದೂ ರಾಜ್ಯಸಭೇಲೇ. ಮನಿ ಬಿಲ್ಲನ್ನ ರಾಜ್ಯಸಭೇಲಿ ಮಂಡಿಸೋ ಹಾಗೇ ಇಲ್ಲ ಅನ್ನೋದನ್ನ ಇಲ್ಲಿ ನೆನಪಿಡಿ. ಮರುವರ್ಷ ಸಂಸತ್ತಿನ ಸ್ಥಾಯಿ ಸಮಿತಿ ಅದನ್ನ ಒಪ್ಲಿಲ್ಲ, ಮಸೂದೆ ಮೂಲೆ ಸೇರ್ತು. 2016ರ ಮಾರ್ಚ್ 3ಕ್ಕೆ ಹೊಸ ಮಸೂದೆ ಲೋಕಸಭೆಗೆ ಬಂತು, ಈ ಸಲ ಸಬ್ಸಿಡಿ ವಿಷ್ಯ ಮುಂದಿಟ್ಕೊಂಡು ಮನಿ ಬಿಲ್ ವೇಷದಲ್ಲಿ. 11ಕ್ಕೆ ಅಲ್ಲಿ ಪಾಸ್. 16ಕ್ಕೆ ರಾಜ್ಯಸಭೆ ಐದು ತಿದ್ದುಪಡಿ ಹೇಳಿ ಕಳಿಸ್ತು, ಅವತ್ತು ಸಂಜೆನೇ ಲೋಕಸಭೆ ಐದನ್ನೂ ತಳ್ಳಿಹಾಕ್ತು. ಆ ಐದರಲ್ಲಿ ಒಂದು 57ನೇ ಸೆಕ್ಷನ್ ತೆಗೀರಿ ಅಂತ, ಅಂದ್ರೆ ಖಾಸಗಿ ಕಂಪನಿಗಳು ಆಧಾರ್ ಬಳಸೋದು ಬೇಡ ಅಂತ. ಎರಡೂವರೆ ವರ್ಷ ಆದ್ಮೇಲೆ, 2018ರ ಸೆಪ್ಟೆಂಬರ್ 26ಕ್ಕೆ, ಸುಪ್ರೀಂ ಕೋರ್ಟ್ ಖಾಸಗಿ ಕಂಪನಿಗಳ ಆ ಭಾಗವನ್ನೇ ಹೊಡೆದುಹಾಕ್ತು. ರಾಜ್ಯಸಭೆ ಅಂದು ಹೇಳಿದ್ದನ್ನ ಕೇಳಿದ್ರೆ ನನ್ನ ಬೆರಳು ಅಷ್ಟು ಸವೀತಿರ್ಲಿಲ್ಲ. ಜಂಟಿ ಅಧಿವೇಶನ ಅನ್ನೋ ನೇರ ದಾರಿ ಇದ್ದಾಗ ಹಿಂಬಾಗಿಲು ಯಾಕೆ ಬೇಕಿತ್ತೋ.

ಆದ್ರೆ ಅದೇ ತೀರ್ಪಲ್ಲಿ ನಾಲ್ಕು ಜನ ನ್ಯಾಯಮೂರ್ತಿಗಳು ಇದು ಮನಿ ಬಿಲ್ಲೇ ಅಂತ ಒಪ್ಕೊಂಡ್ರು, ನ್ಯಾಯಮೂರ್ತಿ ಚಂದ್ರಚೂಡ್ ಒಬ್ರೇ ಇದು ಸಂವಿಧಾನಕ್ಕೆ ಮಾಡಿದ ವಂಚನೆ ಅಂತ ಬರೆದ್ರು. ಅಷ್ಟೊತ್ತಿಗೆ 2017ರ ಫೈನಾನ್ಸ್ ಬಿಲ್ ಬೇರೆ ಬಂದಿತ್ತು, ಟ್ರಿಬ್ಯುನಲ್ (ವಿಶೇಷ ನ್ಯಾಯಮಂಡಳಿ) ಸದಸ್ಯರ ನೇಮಕ, ಪಕ್ಷಗಳಿಗೆ ದೇಣಿಗೆ ಕೊಡೋ ಎಲೆಕ್ಟೋರಲ್ ಬಾಂಡ್ ಎಲ್ಲಾ ಅದೇ ಚೀಲದಲ್ಲಿ. ಟ್ರಿಬ್ಯುನಲ್ ಕೇಸು ಕೇಳಿದ ಪೀಠ 2019ರ ನವೆಂಬರ್‌ನಲ್ಲಿ, ಹಿಂದಿನ ತೀರ್ಪು 'ಮಾತ್ರ' ಅನ್ನೋ ಪದವನ್ನ ಸರಿಯಾಗಿ ಬಿಡಿಸಿ ನೋಡಿಲ್ಲ ಅಂತ ಹೇಳಿ ಪ್ರಶ್ನೆಯನ್ನ ಏಳು ಜನರ ಪೀಠಕ್ಕೆ ದಾಟಿಸ್ತು. 2024ರ ಫೆಬ್ರವರೀಲಿ ಬಾಂಡ್ ಯೋಜನೆ ರದ್ದಾದಾಗಲೂ ಮನಿ ಬಿಲ್ ಪ್ರಶ್ನೆ ಮುಟ್ಲಿಲ್ಲ, ಅದು ದೊಡ್ಡ ಪೀಠದ ಮುಂದೆ ಇದೆಯಲ್ಲ ಅಂತ.

ಭಿನ್ನ ತೀರ್ಪು ಬರೆದ ಚಂದ್ರಚೂಡ್ 2022ರಲ್ಲಿ ಮುಖ್ಯ ನ್ಯಾಯಮೂರ್ತಿನೂ ಆದ್ರು, 2024ರ ನವೆಂಬರ್‌ನಲ್ಲಿ ನಿವೃತ್ತಿನೂ ಆದ್ರು, ಅಲ್ಲಿವರೆಗೂ ಆ ಏಳು ಜನರ ಮುಂದೆ ವಾದ ಶುರುವಾಗ್ಲೇ ಇಲ್ಲ. 86ನೇ ವಯಸ್ಸಲ್ಲಿ ಆಧಾರ್ ವಿರುದ್ಧ ಕೋರ್ಟಿಗೆ ಹೋಗಿದ್ದ, ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆ ನಿವೃತ್ತಿಗೂ ಸುಮಾರು ಎರಡು ವಾರ ಮೊದ್ಲೇ ಬೆಂಗಳೂರಲ್ಲಿ ತೀರ್ಕೊಂಡ್ರು, 98 ವರ್ಷ ಆಗಿತ್ತು.