ಪ್ರಿಂಟ್ ಹೋದ ಮೇಲೆ ಫಿಲ್ಮ್ ಕಾರ್ಖಾನೆಯ ಲೆಕ್ಕ

ಸಿನಿಮಾ ಫಿಲ್ಮ್ ಸತ್ತೇಹೋಯಿತು ಎನ್ನುವವರಿದ್ದಾರೆ, ಮತ್ತೆ ಎದ್ದು ಬಂದಿದೆ ಎನ್ನುವವರೂ ಇದ್ದಾರೆ. ಎರಡಕ್ಕೂ ಪುರಾವೆ ಸಿಗುತ್ತದೆ. 2013ರ ಹೊತ್ತಿಗೆ ಫ್ಯೂಜಿ ಚಿತ್ರೀಕರಣದ ಫಿಲ್ಮ್ ತಯಾರಿಕೆಯನ್ನು ನಿಲ್ಲಿಸಿತು. 2023ರಲ್ಲಿ ತೆರೆಕಂಡ ಹಾಲಿವುಡ್ ಚಿತ್ರವೊಂದಕ್ಕೆ ಕೊಡಾಕ್ 65 ಎಂ.ಎಂ. ಅಗಲದ ಕಪ್ಪು-ಬಿಳುಪು ನೆಗೆಟಿವ್ಅನ್ನು (ಕ್ಯಾಮೆರಾದೊಳಗೆ ಓಡುವ ಫಿಲ್ಮ್) ಹೊಸದಾಗಿ ಮಾಡಿಕೊಟ್ಟಿತು. ಗೊಂದಲ ಹುಟ್ಟುವುದು ಚರ್ಚೆಯೆಲ್ಲ ಕ್ಯಾಮೆರಾದ ಸುತ್ತಲೇ ನಡೆಯುವುದರಿಂದ. ಫಿಲ್ಮಿನ ಹಣೆಬರಹ ಬರೆದಿರುವುದು ಕಾರ್ಖಾನೆಯ ಕತ್ತಲೆಕೋಣೆಯಲ್ಲಿ ಓಡುವ ಲೇಪನ ಯಂತ್ರದ ಮೇಲೆ.

1889ರಲ್ಲಿ ಕೊಡಾಕ್ ಸ್ಥಾಪಕ ಈಸ್ಟ್‌ಮನ್ ಮಾರಾಟಕ್ಕೆ ತಂದ ಸೆಲ್ಯುಲಾಯ್ಡ್ ಸುರುಳಿ, 1950ರ ಆಸುಪಾಸಿನಲ್ಲಿ ತಯಾರಕರು ಬೆಂಕಿಗೆ ಹೆದರಿ ನೈಟ್ರೇಟ್ ಹಾಳೆ ಬಿಟ್ಟು ಅಸಿಟೇಟ್ ಹಾಳೆ ಹಿಡಿದದ್ದು, ಅದೇ ಕಾಲಕ್ಕೆ ಈಸ್ಟ್‌ಮನ್ ಕಲರ್ ಎಂಬ ಬಣ್ಣದ ಫಿಲ್ಮ್ ಬಂದದ್ದು: ಹಳೆಯ ಕಥೆ ಇಷ್ಟರಲ್ಲಿ ಮುಗಿಯುತ್ತದೆ. ನಮ್ಮಲ್ಲಿ ರಾ ಸ್ಟಾಕ್, ಅಂದರೆ ಇನ್ನೂ ಬಳಸದ ಫಿಲ್ಮ್, ಬಹುಕಾಲ ಆಮದು ಲೈಸೆನ್ಸಿನ ಸರಕಾಗಿತ್ತು. ಪೂರ್ವ ಜರ್ಮನಿಯ ಜೊತೆಗೆ ರೂಪಾಯಿಯಲ್ಲೇ ವ್ಯಾಪಾರ ನಡೆಯುತ್ತಿದ್ದುದರಿಂದ ಅಲ್ಲಿನ ಆರ್ವೋ ಫಿಲ್ಮ್ ಇಲ್ಲಿ ಬೇರೂರಿತು; ಆ ಕಾಲದ ಟೈಟಲ್ ಕಾರ್ಡುಗಳಲ್ಲಿ ಆರ್ವೋ ಕಲರ್, ಗೇವಾ ಕಲರ್ ಹೆಸರುಗಳನ್ನು ಈಗಲೂ ನೋಡಬಹುದು. ಚಾಮರಾಜನಗರದ ಗಡಿ ದಾಟಿದರೆ ಸಿಗುವ ಊಟಿಯಲ್ಲಿ ಸರ್ಕಾರಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ 1967ರಲ್ಲಿ ಉತ್ಪಾದನೆ ಆರಂಭಿಸಿ ‘ಇಂದು’ ಹೆಸರಿನಲ್ಲಿ ಕಪ್ಪು-ಬಿಳುಪು ಫಿಲ್ಮ್ ಮಾರಿತು. ತೊಂಬತ್ತರ ದಶಕದಲ್ಲೇ ಅದು ರೋಗಗ್ರಸ್ತ ಉದ್ಯಮಗಳ ಪಟ್ಟಿ ಸೇರಿತ್ತು.

ಫಿಲ್ಮನ್ನು ಸಣ್ಣ ಪ್ರಮಾಣದಲ್ಲಿ ಮಾಡುವುದು ಏಕೆ ಕಷ್ಟ ಎಂದು ತಿಳಿಯಲು ತಯಾರಿಕೆಯನ್ನೇ ನೋಡಬೇಕು. ಮರದ ತಿರುಳಿನಿಂದಲೋ ಹತ್ತಿಯಿಂದಲೋ ಮಾಡಿದ ಸೆಲ್ಯುಲೋಸ್ ಟ್ರೈಅಸಿಟೇಟನ್ನು ಮೆಥಿಲೀನ್ ಕ್ಲೋರೈಡಿನಲ್ಲಿ ಕರಗಿಸಿ, ಆ ಗಟ್ಟಿ ದ್ರಾವಣವನ್ನು ತಿರುಗುವ ಬೃಹತ್ ಚಕ್ರದ ನುಣುಪು ಮೈಮೇಲೆ ಹರಿಸುತ್ತಾರೆ. ದ್ರಾವಕ ಆರಿದ ಮೇಲೆ ಉಳಿಯುವ ಹಾಳೆಯೇ ಬೇಸ್, ದಪ್ಪ ಸುಮಾರು 0.13 ಮಿಲಿಮೀಟರ್. ಇನ್ನೊಂದು ಕಡೆ ಜೆಲಟಿನ್ ದ್ರಾವಣದೊಳಗೆ ಸಿಲ್ವರ್ ನೈಟ್ರೇಟ್ ಮತ್ತು ಪೊಟ್ಯಾಸಿಯಂ ಬ್ರೋಮೈಡ್ ಸೇರಿಸಿ ಬೆಳ್ಳಿ ಲವಣದ ಹರಳು ಬೆಳೆಸುತ್ತಾರೆ; ಇದೇ ಎಮಲ್ಷನ್. ಎಷ್ಟು ವೇಗವಾಗಿ ಸುರಿದರು, ಎಷ್ಟು ಹೊತ್ತು ಬಿಸಿ ಇಟ್ಟರು ಎಂಬುದರ ಮೇಲೆ ಹರಳಿನ ಗಾತ್ರ, ಅದರಿಂದ ಫಿಲ್ಮಿನ ವೇಗ (ಬೆಳಕಿಗೆ ಸ್ಪಂದಿಸುವ ಚುರುಕು) ಮತ್ತು ಗ್ರೇನ್ (ಚಿತ್ರದಲ್ಲಿ ಕಾಣುವ ಕಾಳು ಕಾಳು) ನಿಂತಿವೆ. ಜೆಲಟಿನ್ ಅಂದರೆ ದನದ ಮೂಳೆ, ಚರ್ಮದಿಂದ ತೆಗೆದ ಸರಕು. ದನ ಸಾಸಿವೆ ಜಾತಿಯ ಗಿಡ ಮೇಯ್ದಿದ್ದರೆ ಅದರಲ್ಲಿ ಗಂಧಕದ ಸಂಯುಕ್ತ ಅಷ್ಟಿಷ್ಟು ಉಳಿದು ಫಿಲ್ಮ್ ಚುರುಕಾಗುತ್ತದೆ ಎಂದು ಕೊಡಾಕ್‌ನ ಸ್ಯಾಮ್ಯುಯೆಲ್ ಶೆಪರ್ಡ್ 1920ರ ದಶಕದಲ್ಲೇ ಪತ್ತೆಹಚ್ಚಿದ್ದರು. ಅಲ್ಲಿಂದೀಚೆಗೆ ಜೆಲಟಿನ್ಅನ್ನು ಶುದ್ಧ ಮಾಡಿ, ಗಂಧಕ ಮತ್ತು ಚಿನ್ನದ ಲವಣಗಳನ್ನು ಅಳತೆಯಿಟ್ಟು ಹಾಕುವುದು ರೂಢಿಯಾಯಿತು.

ಕಲರ್ ನೆಗೆಟಿವ್‌ನಲ್ಲಿ ಹನ್ನೆರಡಕ್ಕೂ ಹೆಚ್ಚು ಪದರಗಳಿರುತ್ತವೆ. ಬೆಚ್ಚಗಿನ ಎಮಲ್ಷನ್‌ಗಳು ಇಳಿಜಾರು ಹಲಗೆಯ ಸೀಳುಗಳಿಂದ ಹೊರಟು, ಒಂದರೊಳಗೊಂದು ಕಲೆಯದೆ, ಒಂದರ ಮೇಲೊಂದು ಜಾರಿ ಬಂದು ಓಡುವ ಬೇಸಿನ ಮೇಲೆ ಒಮ್ಮೆಗೇ ಕೂರುತ್ತವೆ. ತಕ್ಷಣ ತಣ್ಣನೆಯ ಗಾಳಿ ತಾಗಿಸಿ ಜೆಲಟಿನ್ ಹೆಪ್ಪುಗಟ್ಟಿಸಬೇಕು, ಆಮೇಲೆ ನಿಧಾನಕ್ಕೆ ಒಣಗಿಸಬೇಕು. ಸೀಳಿನಲ್ಲೊಂದು ಗುಳ್ಳೆ ಸಿಕ್ಕಿಕೊಂಡರೆ ರೋಲಿನ ಉದ್ದಕ್ಕೂ ಗೆರೆ. ಒಣಗಿಸುವ ಗಾಳಿ ಏರುಪೇರಾದರೆ ಮಚ್ಚೆ ಮಚ್ಚೆ. ತೇವಾಂಶ ತೀರಾ ಇಳಿದರೆ ಸುರುಳಿ ಬಿಚ್ಚುವಾಗ ಸ್ಥಿರವಿದ್ಯುತ್ತಿನ ಕಿಡಿ ಹಾರಿ, ಡೆವಲಪ್ ಮಾಡಿದಾಗ ಕೊಂಬೆ ಕೊಂಬೆಯಾಗಿ ಮಿಂಚಿನ ಗುರುತು. ಯಂತ್ರ ಹದಕ್ಕೆ ಬರುವವರೆಗೆ ಓಡಿದ ಫಿಲ್ಮೆಲ್ಲ ರದ್ದಿ, ಅಲ್ಲಿಯವರೆಗೆ ಹರಿದ ಬೆಳ್ಳಿಯೂ ಅದರ ಜೊತೆಗೆ.

ದೊಡ್ಡ ಯಂತ್ರದಲ್ಲಿ ರೋಲಿನ ಅಗಲ ಸುಮಾರು 54 ಇಂಚು. ಅಂಚು ಕಳೆದು ಸೀಳಿದರೆ 35 ಎಂ.ಎಂ.ನ 38 ಪಟ್ಟಿಗಳು. ರೋಲ್ 5,000 ಅಡಿ ಎಂದು ಹಿಡಿದರೂ 1.9 ಲಕ್ಷ ಅಡಿ ಆಯಿತು. ಸೆಕೆಂಡಿಗೆ 24 ಫ್ರೇಮಿನಂತೆ ನಿಮಿಷಕ್ಕೆ 90 ಅಡಿ ಓಡುತ್ತದೆ, ಅಂದರೆ ಒಂದೇ ರೋಲಿನಲ್ಲಿ 35 ಗಂಟೆಯ ಚಿತ್ರೀಕರಣ! ಸಾವಿರ ಎಲೆ ಹಾಕುವ ಮದುವೆಗೆಂದು ಹೂಡಿದ ಒಲೆಯಲ್ಲಿ ಈಗ ನಾಲ್ಕು ಜನರಿಗೆ ಅಡುಗೆ ಮಾಡಬೇಕಾಗಿದೆ.

ಆ ಸಾವಿರ ಎಲೆ ಯಾರದ್ದು? ಚಿತ್ರಮಂದಿರದ್ದು. ಎರಡೂವರೆ ಗಂಟೆಯ ಚಿತ್ರದ ಒಂದು ಪ್ರಿಂಟಿಗೆ, ಅಂದರೆ ಚಿತ್ರಮಂದಿರಕ್ಕೆ ಹೋಗುವ ಪ್ರತಿಗೆ, 13,500 ಅಡಿ ಬೇಕು. ಚಿತ್ರದಲ್ಲಿ ಉಳಿಯುವ ಒಂದು ಅಡಿಗೆ ಐದು ಅಡಿಯ ಲೆಕ್ಕದಲ್ಲಿ ಶೂಟಿಂಗ್ ಮಾಡಿದರೆ ನೆಗೆಟಿವ್ 67,500 ಅಡಿ. ನೂರು ಪ್ರಿಂಟ್ ಹಾಕಿಸಿದರೆ ಪ್ರಿಂಟಿನ ಫಿಲ್ಮ್ ಆದ ಪಾಸಿಟಿವ್ 13.5 ಲಕ್ಷ ಅಡಿ, ಅಂದರೆ ಇಪ್ಪತ್ತು ಪಟ್ಟು. ಎರಡು ಗಂಟೆಯ ಹಾಲಿವುಡ್ ಚಿತ್ರ 3,000 ಪರದೆಗೆ ಹೋದರೆ 3.24 ಕೋಟಿ ಅಡಿ. ಛಾಯಾಗ್ರಾಹಕರು ಮೆಚ್ಚಿ ಮಾತಾಡುತ್ತಿದ್ದುದು ನೆಗೆಟಿವ್ ಬಗ್ಗೆ, ಕಾರ್ಖಾನೆಯ ಒಲೆ ಉರಿಯುತ್ತಿದ್ದುದು ಪಾಸಿಟಿವ್‌ನಿಂದ.

ಹಾಗಾಗಿ ಪೆಟ್ಟು ಬಿದ್ದದ್ದು ಪ್ರೊಜೆಕ್ಟರ್ ರೂಮಿನಲ್ಲಿ. ಚಿತ್ರವನ್ನು ಡಿಜಿಟಲ್ ಆಗಿ ಕಳಿಸುವ ಕ್ಯೂಬ್, ಯುಎಫ್‌ಒ ಬಂದ ಮೇಲೆ ನಮ್ಮ ತಾಲ್ಲೂಕು ಕೇಂದ್ರಗಳ ಟಾಕೀಸುಗಳಿಗೂ ಪ್ರಿಂಟಿನ ಡಬ್ಬ ಹೊತ್ತು ತರುವ ಕೆಲಸ ತಪ್ಪಿತು. ಗೀರು ಬಿದ್ದ ಹಳೆಯ ಪ್ರಿಂಟಿಗಾಗಿ ವಾರಗಟ್ಟಲೆ ಕಾಯುತ್ತಿದ್ದ ಸಣ್ಣ ಊರುಗಳಿಗೆ ಬಿಡುಗಡೆಯ ದಿನವೇ ಚಿತ್ರ ಸಿಕ್ಕಿತು. ಅದನ್ನು ಬೇಡ ಎನ್ನುವುದು ನ್ಯಾಯವೂ ಅಲ್ಲ. ಆದರೆ ಕೊಡಾಕ್ 2006ರಲ್ಲಿ 1,240 ಕೋಟಿ ಅಡಿ ಮಾರಿದ್ದ ಸಿನಿಮಾ ಫಿಲ್ಮ್ 2014ಕ್ಕೆ 44.9 ಕೋಟಿ ಅಡಿಗೆ ಇಳಿಯಿತು, ಶೇ. 96ರಷ್ಟು ಕುಸಿತ. ನಡುವೆ 2012ರಲ್ಲಿ ಕಂಪನಿ ದಿವಾಳಿ ಕಾನೂನಿನ ಆಶ್ರಯ ಪಡೆದಿತ್ತು. ಕೆಲವು ನಿರ್ದೇಶಕರು ಒತ್ತಾಯಿಸಿದ ಮೇಲೆ, ವರ್ಷಕ್ಕೆ ಇಂತಿಷ್ಟು ಫಿಲ್ಮ್ ಕೊಳ್ಳುತ್ತೇವೆ ಎಂದು ದೊಡ್ಡ ಸ್ಟುಡಿಯೋಗಳು ಮಾತು ಕೊಟ್ಟವು. 2015ರಲ್ಲಿ ಆ ಒಪ್ಪಂದ ಪ್ರಕಟವಾಯಿತು. ಕೊಳ್ಳುವವರ ಮಾತಿನ ಮೇಲೆ ನಿಂತ ಕಾರ್ಖಾನೆ ಎಷ್ಟು ಗಟ್ಟಿ ಎಂದು ಕೇಳಬಹುದು. ಆಗ ಬೇರೆ ದಾರಿ ಇರಲಿಲ್ಲ.

ಈಗ ಆಸರೆ ಬಂದಿರುವುದು ಸ್ಟಿಲ್ ಫೋಟೋದವರಿಂದ. 35 ಎಂ.ಎಂ. ಸ್ಟಿಲ್ ಕ್ಯಾಮೆರಾ ಹುಟ್ಟಿದ್ದೇ ಸಿನಿಮಾ ಫಿಲ್ಮಿನ ತುಂಡಿನ ಮೇಲೆ. ಇಂದು ಹುಡುಗರು ಕೊಳ್ಳುವ 36 ಚಿತ್ರದ ರೋಲುಗಳು ಸಿನಿಮಾ ನೆಗೆಟಿವ್ ಲೇಪಿಸುವ ಯಂತ್ರದ ಖರ್ಚಿಗೂ ಹೆಗಲು ಕೊಡುತ್ತಿವೆ. 2024ರ ಕೊನೆಯಲ್ಲಿ ಕೊಡಾಕ್‌ನವರು ಅಮೆರಿಕದ ರಾಚೆಸ್ಟರ್‌ನ ಉತ್ಪಾದನೆಯನ್ನು ಕೆಲವು ವಾರ ನಿಲ್ಲಿಸಿ ಯಂತ್ರಗಳನ್ನು ಮೇಲ್ದರ್ಜೆಗೇರಿಸಿದರು. 2025ರಲ್ಲಿ ನೆಗೆಟಿವ್‌ನ ಬೆನ್ನಿಗಿದ್ದ ಕಪ್ಪು ಇಂಗಾಲದ ರೆಮ್‌ಜೆಟ್ ಪದರ ತೆಗೆದು, ಎಮಲ್ಷನ್ನಿನ ಕೆಳಗೇ ಬೆಳಕು ಹೀರುವ ಪದರ ಕೊಡಲು ಶುರುಮಾಡಿದರು. ರೆಮ್‌ಜೆಟ್ಅನ್ನು ಮೊದಲು ಕ್ಷಾರದ ದ್ರಾವಣದಲ್ಲಿ ನೆನೆಸಿ ಉಜ್ಜಿ ತೊಳೆಯಬೇಕಿತ್ತು. ಸ್ಟಿಲ್ ಲ್ಯಾಬಿನ ಯಂತ್ರಕ್ಕೆ ಹೋದರೆ ಮಸಿ ಕಳಚಿ ಉಳಿದವರ ರೋಲುಗಳಿಗೂ ಅಂಟುತ್ತಿತ್ತು. ಹೊಸ ಫಿಲ್ಮಿನಿಂದ ಸಿನಿ ಲ್ಯಾಬಿಗೂ ಒಂದು ಹಂತದ ಕೆಲಸ ತಪ್ಪಿತು.

ಆದರೂ ಸಿನಿಮಾದ ಕಲರ್ ನೆಗೆಟಿವ್ಅನ್ನು ಈ ಪ್ರಮಾಣದಲ್ಲಿ ಮಾಡುವ ಇನ್ನೊಂದು ಜಾಗ ಇಲ್ಲ. ಜರ್ಮನಿಯಲ್ಲಿ ಆರ್ವೋ ಹೆಸರಿನಲ್ಲಿ 2022ರಲ್ಲಿ ಕಲರ್ ನೆಗೆಟಿವ್ ಮತ್ತೆ ಬಂದಿದೆ, ಪ್ರಮಾಣ ಚಿಕ್ಕದು. ಬಣ್ಣ ಕೊಡುವ ಕಪ್ಲರ್ ರಾಸಾಯನಿಕವೊಂದರ ಪೂರೈಕೆ ನಿಂತರೆ ಅದೊಂದನ್ನು ಬದಲಿಸಿ ಸುಮ್ಮನಾಗುವಂತಿಲ್ಲ, ಅಕ್ಕಪಕ್ಕದ ಪದರಗಳನ್ನೂ ಮತ್ತೆ ಹೊಂದಿಸಬೇಕು. ಮೊದಲೇ ಮಾಡಿಟ್ಟುಕೊಳ್ಳೋಣ ಎಂದರೆ ಅದಕ್ಕೂ ಮಿತಿಯಿದೆ. ತಣ್ಣಗಿಟ್ಟರೆ ರಾಸಾಯನಿಕ ಬದಲಾವಣೆ ನಿಧಾನವಾಗುತ್ತದೆ, ವಾತಾವರಣದ ವಿಕಿರಣ ನಿಲ್ಲುವುದಿಲ್ಲ. ರಾತ್ರಿ ಚಿತ್ರೀಕರಣಕ್ಕೆ ಬೇಕಾದ 500 ವೇಗದ ನೆಗೆಟಿವ್‌ನಲ್ಲೇ ಅದರಿಂದ ಬೇಗ ಫಾಗ್ (ಬೆಳಕು ಬೀಳದೆಯೇ ಕವಿಯುವ ಮಸುಕು) ಏರುತ್ತದೆ.